ಚಹಾ ಬಿಡುವ ಆಣೆ

ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ, ಇನ್ನೂ ನಡುವಿಗೆ ಬಂದಿಲ್ಲ, ಬರಲಿ, ನನಗೇನು ಅವಸರ, ಅವಸರ ಪಡಸಾಲೆಯಲ್ಲಿ ಕೂತವರಿಗೆ, ಕೌಜಲಗಿಯಿಂದ ನನ್ನ ಮಗಳು ಶಂಕ್ರವ್ವನನ್ನು ನೋಡಲು ಬಂದವರಿಗೆ — ಹುಡುಗ ಒಪ್ಪಿದ್ದಾನೆ, ಇವಳೂ ಬಗ್ಗಿಸಿದ ತಲೆಯಲ್ಲೇ ಅವನನ್ನು ಎರಡು ಸಲ ನೋಡಿದಳು, ನಾನು ಕುರುಡಿಯಲ್ಲ, ಎಲ್ಲರೂ ಒಪ್ಪಿ ಉಳಿದಿರುವ ತಕರಾರು ಒಂದೇ, ಅದು ನಾನು. ಹುಡುಗನ ಅಪ್ಪ ಪರಪ್ಪ ಎಲೆ ಅಡಿಕೆ ಜಗಿಯುತ್ತ ಆಡಿದ ಮಾತು ಗೋಡೆ ದಾಟಿ ಒಲೆಯ ಮುಂದೆಯೇ ಬಿತ್ತು, ಎಲ್ಲಾ ಬರೋಬ್ಬರಿ ಐತ್ರಿ ಲಕ್ಕಪ್ಪಣ್ಣಾರ, ಆದ್ರ ನಿಮ್ಮ ಮನ್ಯಾಗ ಹೆಣಮಕ್ಕಳು ಚಾ ಕುಡೀತಾರಂತ ಸುದ್ದಿ, ತಾಯಿ ಚಟ ಮಗಳಿಗೆ ಬರೂದು, ಮಾಯವ್ವನ ಭಂಡಾರ ಮುಟ್ಟಿ ಇನ್ನ ಕುಡಿಯೂದಿಲ್ಲಂತ ಆಣಿ ಮಾಡ್ಲಿ, ಈಗಿಂದೀಗ ಸಕ್ಕರಿ ಹಂಚೂನು. ನಮ್ಮವರು ಎಲೆಯ ತಟ್ಟೆಯನ್ನು ಅವನತ್ತ ಸರಿಸಿದ ಸದ್ದಷ್ಟೇ ಕೇಳಿತು, ಇಪ್ಪತ್ತೈದು ವರ್ಷದಿಂದ ನನ್ನ ಪರ ಒಂದು ಮಾತು ಆಡಿಲ್ಲ, ಇವತ್ತು ಆಡಿಯಾರೆಯೇ. ಚಟವಂತೆ. ಯಮಕನಮರಡಿಯ ಮೋಟಾರು ನಿಲ್ಲುವಲ್ಲಿ ಇದೇ ಗಂಡಸರು ಚಹಾವನ್ನು ಬಸಿಯ ತಟ್ಟೆಗೆ ಸುರಿದುಕೊಂಡು ಸೊರ್ ಎಂದು ಹೀರಿದರೆ ಅದು ವ್ಯಾಪಾರದ ಮಾತುಕತೆ, ಹೆಂಗಸು ಒಲೆಯ ಮುಂದೆ ಕುಡಿದರೆ ಚಟ.

ಗುಳ್ಳೆ ನಡುವಿಗೆ ಬಂತು, ಒಂದು ಚಿಟಿಕೆ ಪುಡಿ, ನೀರು ಕಂದಾಗಿ ತಿರುಗಿತು, ನನ್ನ ತಮ್ಮ ಸೋಮಪ್ಪ ಭಂಡಾರದ ತಟ್ಟೆ, ದೇವಿಯ ಅರಿಶಿನಪುಡಿ, ತಂದು ಒಲೆಯ ಕಟ್ಟೆಯ ಮೇಲೆ ಇಟ್ಟು ಹೋದ, ಅಕ್ಕಾ, ಮುಟ್ಟಿ ಹೂಂ ಅಂದಬಿಡು, ನಾಳಿಂದ ಹಿತ್ತಲದಾಗ ಕುಡಿ, ಮಾಯವ್ವ ಏನ ಚಿಂಚಲಿ ಗುಡಿಯಿಂದ ನೋಡಾಕ ಬರ್ತಾಳ. ಅವನ ಜಾಣತನಕ್ಕೆ ಬೆಂಕಿ ಬೀಳಲಿ, ಕದ್ದು ಕುಡಿಯುವವಳ ಕಿವಿ ಬಾಗಿಲಲ್ಲೇ ಇರುತ್ತದೆ, ಕಿವಿ ಬಾಗಿಲಲ್ಲಿದ್ದ ಮೇಲೆ ಅದು ಚಹಾ ಹೇಗಾದೀತು, ಬರೀ ಬಿಸಿನೀರು. ಆರು ವರ್ಷದ ಹಿಂದೆ ಗೋಕಾಕದ ಸಂತೆಗೆ ಚಹಾದ ಮೋಟಾರು ಬಂದು ಪುಕ್ಕಟೆ ಹಂಚಿದಾಗ ನಾನೂ ಕೈ ಚಾಚಿದ್ದೆ, ಸುಮ್ಮನೆ, ಪುಕ್ಕಟೆ ಎಂದು, ಕಹಿ ಇತ್ತು, ನಾಲಿಗೆ ಸುಟ್ಟಿತು, ಸುಟ್ಟಿದ್ದರಿಂದ ನಿಧಾನ ಕುಡಿಯಬೇಕಾಯಿತು, ನಿಧಾನ ಎನ್ನುವುದು ನನ್ನ ಜನ್ಮದಲ್ಲೇ ಅದೇ ಮೊದಲು. ಹೊಸ ರುಚಿ ಎಂದು ಒಂದು ಪೊಟ್ಟಣ ತಂದೆ, ಅಟ್ಟದ ಮೇಲಿಟ್ಟು ಮರೆತೆ. ಅದರ ಮುಂದಿನ ವಾರವೇ ಆ ಕೆಲಸ ಆಯಿತು — ಶಂಕ್ರವ್ವನಿಗೆ ಹತ್ತು ವರ್ಷ, ಹಾಲು ಉಕ್ಕಿಸಿದಳು, ನನ್ನ ಕೈಯಲ್ಲಿದ್ದ ಊದುಗೊಳವೆ ಹಾರಿತು, ನಾನು ಎಸೆದೆ ಎನ್ನಬೇಕು, ಹಾರಿತು ಅನ್ನುವುದು ಸುಳ್ಳು, ಹುಬ್ಬು ಬಿಚ್ಚಿಕೊಂಡು ರಕ್ತ ಕಣ್ಣಿಗೆ ಇಳಿಯಿತು, ಅವಳು ಅಳಲಿಲ್ಲ, ನನ್ನನ್ನು ನೋಡಿದಳು, ಅಷ್ಟೇ. ಆ ರಕ್ತ ಒರೆಸಿ ಪೊಟ್ಟಣ ಬಿಚ್ಚಿದೆ. ಅಂದಿನಿಂದ ಸಿಟ್ಟು ಕಿವಿಗೆ ಏರಿದ ಕೂಡಲೇ ನೀರು ಇಡುತ್ತೇನೆ, ಮೂರು ಸಲ ಉಕ್ಕಿಸಿ ಇಳಿಸುತ್ತೇನೆ, ಅರಿವೆಯಲ್ಲಿ ಸೋಸುತ್ತೇನೆ, ಬಟ್ಟಲು ಮುಗಿಯುವವರೆಗೆ ಯಾರು ಕರೆದರೂ ಓ ಅನ್ನುವುದಿಲ್ಲ, ಅತ್ತೆ ಸಾಯುವ ತನಕ ಅಂದದ್ದು ಅಂದದ್ದೇ, ನೋಡ್ರ್ಯೋ, ಸ್ವಾಮಿಗೋಳು ತಪಸ್ಸಿಗೆ ಕುಂತಾರ, ಎಬ್ಬಸಬ್ಯಾಡ್ರಿ. ಅನ್ನಲಿ. ನಾಲ್ಕನೆಯ ಇಯತ್ತೆ ಓದಿದವಳು ನಾನು, ಚಹಾ ರಕ್ತ ಒಣಗಿಸುತ್ತದೆ ಎಂದು ಅಚ್ಚಾದದ್ದನ್ನೂ ಓದಿದ್ದೇನೆ, ಒಣಗಲಿ, ಆರು ವರ್ಷದಲ್ಲಿ ಯಾರ ಮೈಯಿಂದಲೂ ರಕ್ತ ಹರಿಸಿಲ್ಲ ನಾನು.

ಒಂದು ಉಕ್ಕು ಇಳಿಯಿತು. ಶಂಕ್ರವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಾಳೆ, ಹೊಸ ಇಳಕಲ್ ಸೀರೆ, ಕಣ್ಣು ಕೆಂಪು, ಅವ್ವಾ, ಒಂದ ಬಟ್ಟಲ ಚಾ ನನಗಿಂತ ದೊಡ್ಡದೇನ ನಿನಗ. ದೊಡ್ಡದಲ್ಲ, ನಿನ್ನ ಸಲುವಾಗಿಯೇ ಅದು ಬಂದದ್ದು, ಎಂದುಕೊಂಡು ಅವಳ ಹುಬ್ಬಿನ ಮೇಲಿನ ಬಿಳಿ ಗೆರೆಯನ್ನೇ ನೋಡುತ್ತ ಕೂತೆ, ಅವಳು ಹೊರಟುಹೋದಳು, ನನ್ನ ಕೈ ಭಂಡಾರದ ಹತ್ತಿರ ಹೋಯಿತು, ಖರೆಯೇ, ಬೆರಳ ತುದಿ ಹಳದಿ ಮುಟ್ಟುವುದರಲ್ಲಿತ್ತು, ಹೂಂ ಅಂದರೆ ಮುಗಿಯಿತು, ನಾಳೆ ಸಿಟ್ಟು ಬಂದರೆ — ನಾಳೆ ಏಕೆ, ಇವತ್ತು ಸಂಜೆಯೇ ಬಂದೀತು, ಬಂದರೆ ಏನು ಹಿಡಿಯಲಿ, ಯಾವುದನ್ನು ಎಸೆಯಲಿ. ಕೈ ಹಿಂದೆ ತೆಗೆದೆ.

ಎರಡನೆಯ ಉಕ್ಕು. ಹೆಣಮಕ್ಕಳ ಆಣಿ ಹೆಣಮಕ್ಕಳ ನೋಡ್ಬೇಕು, ಹೋಗ ನೀ, ಎಂದು ಪರಪ್ಪ ಹೆಂಡತಿ ಕಾಶೆವ್ವನನ್ನು ಒಳಗೆ ಅಟ್ಟಿದ, ಬಂದು ಮಣೆಯ ಮೇಲೆ ಕೂತಳು, ದಪ್ಪ ಹೆಂಗಸು, ಏದುಸಿರು, ಬ್ಯಾಗ ಮುಟ್ಟಿ ಮುಗಸ್ರಿ ಅಕ್ಕಾರ, ಗಾಡಿಗೆ ಎತ್ತು ಹೂಡಬೇಕು. ಮುಟ್ಟೂದಿಲ್ರಿ, ಅಂದೆ, ಸುಳ್ಳ ಆಣಿ ನನಗ ಬರೂದಿಲ್ಲ, ಹುಡುಗಿ ಹುಬ್ಬಿನ ಮ್ಯಾಲ ಕಲಿ ನೋಡಿರಿಲ್ಲೋ, ಅದು ಬಿದ್ದು ಆದದ್ದಲ್ಲ, ನಾ ಕೊಳವಿ ಒಗದಿದ್ದು, ಈ ಚಾ ಹಿಡದ ಮ್ಯಾಲ ನನ್ನ ಕೈ ತಡದೈತಿ, ಇದನ್ನೂ ಹೊರಗ ಹೇಳ್ರಿ, ಸಂಬಂಧ ಮುರದ್ರ ಮುರೀಲಿ. ಮೂರನೆಯ ಉಕ್ಕು ಇಳಿಸಿ ಸೋಸಿದೆ, ಅವಳು ಬಟ್ಟಲನ್ನೇ ನೋಡುತ್ತಿದ್ದಳು, ಏನೇನ್ ಹಾಕೀರಿ ಅದರಾಗ. ಎಲಿ ಪುಡಿ, ನೀರು, ಬೆಲ್ಲ, ಮತ್ತೇನಿಲ್ರಿ, ಇದು ಮುಗಿಯೂಮಟ ಯಾರ ಕರದ್ರೂ ಓ ಅನ್ನಾಂಗಿಲ್ಲ, ಅದಽ ಔಷಧ. ನಕ್ಕಳು, ಹೊಟ್ಟೆ ಕುಲುಕಿಸಿ, ಸದ್ದು ಮಾಡದೆ, ಮದವಿ ಆಗಿ ಇಪ್ಪತ್ತೆಂಟ ವರ್ಸ ಆತು ಯವ್ವಾ, ನನ್ನ ಕರೀಲಾರದ ಗಳಿಗಿನಽ ಇಲ್ಲ, ತಾ ಇಲ್ಲಿ. ಅಕ್ಕಾರ, ಬೆಲ್ಲ ಹಾಕೇನಿ, ಅಂದೆ — ಮಾತು ಕೂಡುವ ಮೊದಲು ಗಂಡಿನವರು ಕನ್ಯೆಯ ಮನೆಯ ಸಿಹಿ ಬಾಯಿಗೆ ಹಾಕಬಾರದು, ಹಾಕಿಕೊಂಡರೆ ಮಾತು ಕೂಡಿದ ಹಾಗೆ, ಆಮೇಲೆ ಯಾವ ಗಂಡಸೂ ಹಿಂದೆ ಸರಿಯುವಂತಿಲ್ಲ, ಸಣ್ಣ ಕೂಸಿಗೂ ಗೊತ್ತು. ಗೊತ್ತೈತಿ, ಅಂದಳು, ಕುಡಿದಳು. ಪಡಸಾಲೆಯಿಂದ ಪರಪ್ಪನ ದನಿ, ಏ, ಆಣಿ ಆತೇನ, ಅವಳ ಎರಡೂ ಕೈ ಬಟ್ಟಲಿನ ಸುತ್ತ, ಭಂಡಾರ ತಟ್ಟೆಯಲ್ಲಿ ಹಾಗೇ, ಏ ಇಕೀ, ನಿನ್ನಽ ಕರ್ಯಾಕತ್ತೇನಿ, ಎರಡೂ ಕೈ ಬಟ್ಟಲಿನ ಸುತ್ತ, ಹಸಿರು ಬಳೆ ಅಲುಗುತ್ತಿಲ್ಲ, ಕೇಳಸೂದಿಲ್ಲೇನ, ಮಣೆಯ ಮೇಲಿಂದ ಏಳುತ್ತಿಲ್ಲ, ಓ ಅನ್ನುತ್ತಿಲ್ಲ, ಎರಡೂ ಕೈ, ಬಟ್ಟಲಿನ ಸುತ್ತ —