ಬಿದ್ದರೂ ಏಳುವ ನರಿ

ರಜೆಯ ದಿನ ಬೆಳಿಗ್ಗೆ ಎಂಟಕ್ಕೆ ಯಾರಾದರೂ ಬಾಗಿಲು ಬಡಿದರೆ ಅದು ಮನಸ್ವಿನಿಯೇ ಎಂದು ಉಮಾಕಾಂತನಿಗೆ ಗೊತ್ತಿತ್ತು. ಎದುರು ಫ್ಲ್ಯಾಟಿನ ಆರು ವರ್ಷದ ಹುಡುಗಿ ಅವಳು. ಅಪ್ಪ ಹರಿಪ್ರಸಾದ ಬಾಹ್ಯಾಕಾಶ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ. ಮಗಳ ಓದು ಕೆಡುತ್ತದೆಂದು ಮನೆಗೆ ಕೇಬಲ್ ಹಾಕಿಸಿರಲಿಲ್ಲ. ಉಮಾಕಾಂತ ಗದಗಿನವನು, ಇಪ್ಪತ್ತೇಳು ವರ್ಷದ ಬ್ರಹ್ಮಚಾರಿ, ಗುಜರಾತಿನ ವಟ್ವಾದ ಬಣ್ಣದ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್. ಬೋಡಕ್‌ದೇವ್‌ನ ಒಂದು ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಗೆಳೆಯನೊಬ್ಬನ ಜೊತೆ ಬಾಡಿಗೆಗಿದ್ದ. ಅವರ ಮನೆಯಲ್ಲಿ ಕೇಬಲ್ ಇತ್ತು.

ಇಬ್ಬರೂ ನೆಲದ ಮೇಲೆ ಚಾದರ ಹೊದ್ದು ಕೂತು ಕಾರ್ಟೂನು ನೋಡುತ್ತಿದ್ದರು. ಅವರಿಗೆ ಇಷ್ಟವಾದದ್ದು ಒಂದು ಹಳೆಯ ನರಿಯದು. ಏಳೇಳು ನಿಮಿಷದ ತುಣುಕುಗಳು. ನರಿ ಕೋಳಿಯ ಬೆನ್ನಟ್ಟುತ್ತದೆ, ತಾನು ಒಡ್ಡಿದ ಬೋನಿಗೆ ತಾನೇ ಬೀಳುತ್ತದೆ. ತಲೆಯ ಮೇಲೆ ಬೀರು ಬಿದ್ದು ರೊಟ್ಟಿಯಂತೆ ಚಪ್ಪಟೆಯಾಗುತ್ತದೆ. ಆಮೇಲೆ ಹೆಬ್ಬೆರಳು ಬಾಯಿಗಿಟ್ಟು ಊದಿಕೊಂಡು ಮತ್ತೆ ನರಿಯಾಗುತ್ತದೆ. ಅದರಲ್ಲಿ ಒಂದೇ ಒಂದು ಮಾತಿಲ್ಲ. ಮನಸ್ವಿನಿಯ ಕನ್ನಡ ಅರ್ಧ ಹಿಂದಿ, ಉಮಾಕಾಂತನ ಹಿಂದಿ ಅರ್ಧ ಕನ್ನಡ. ನರಿಯ ಮುಂದೆ ಕೂತಾಗ ಎರಡೂ ಬೇಕಾಗುತ್ತಿರಲಿಲ್ಲ. ನರಿ ಬಿದ್ದ ಕ್ಷಣವೇ ಇಬ್ಬರೂ ಒಟ್ಟಿಗೆ ನಗುತ್ತಿದ್ದರು. ವಾರವಿಡೀ ಆ್ಯಸಿಡ್ ಬ್ಯಾರೆಲ್ಲುಗಳ ನಡುವೆ ದುಡಿದು, ಒಂದು ಹನಿ ಚೆಲ್ಲಿದರೂ ಏನಾಗುತ್ತದೆಂದು ಬಲ್ಲ ಮನುಷ್ಯನಿಗೆ, ಏನು ಮಾಡಿದರೂ ಯಾರಿಗೂ ಏನೂ ಆಗದ ಆ ಲೋಕ ದೊಡ್ಡ ವಿಶ್ರಾಂತಿಯಾಗಿತ್ತು.

ಎರಡು ಸಾವಿರದ ಒಂದರ ಗಣರಾಜ್ಯೋತ್ಸವದ ದಿನ ಮನಸ್ವಿನಿಗೆ ಗಂಟಲು ನೋವು. ತಾಯಿ ಸುಮಿತ್ರಾ ಧ್ವಜವಂದನೆಯಲ್ಲಿ ಹಾಡಬೇಕಿತ್ತು. ಮಗಳಿಗೆ ಸ್ವೆಟರ್ ಹಾಕಿ ಕರೆತಂದು, "ಒಂದೂವರೆ ಗಂಟೆಯಲ್ಲಿ ಬಂದ್ಬಿಡ್ತೀವಿ, ಉಮಾಕಾಂತ್. ತಣ್ಣೀರು ಕೊಡಬೇಡಿ" ಎಂದು ಹೇಳಿ ಗಂಡನ ಸ್ಕೂಟರಿನಲ್ಲಿ ಹೋದರು. ಉಮಾಕಾಂತನ ಗೆಳೆಯ ರಜೆಗೆಂದು ವಡೋದರಾಕ್ಕೆ ಹೋಗಿದ್ದ.

ಎಂಟೂಮುಕ್ಕಾಲರ ಹೊತ್ತಿಗೆ ಕೆಳಗೆ ದೊಡ್ಡ ಲಾರಿ ಹೋದಂತೆ ಸದ್ದಾಯಿತು. ಲಾರಿ ಹೋಗಿ ಮುಗಿಯಲಿಲ್ಲ. ಟೀವಿ ಸ್ಟ್ಯಾಂಡಿನ ತುದಿಗೆ ತಾನಾಗಿ ಸರಿಯಿತು, ಅಡುಗೆಮನೆಯಲ್ಲಿ ಸ್ಟೀಲಿನ ಡಬ್ಬಿಗಳು ಒಂದೊಂದಾಗಿ ಉದುರಿದವು. ಎಲ್ಲೋ ಕಾರ್ಖಾನೆಯ ರಿಯಾಕ್ಟರ್ ಸಿಡಿಯಿತು ಎಂಬುದು ಉಮಾಕಾಂತನಿಗೆ ಬಂದ ಮೊದಲ ಯೋಚನೆ. ಕಿಟಕಿಯಾಚೆಯ ನೀರಿನ ಟ್ಯಾಂಕು ಎಡಕ್ಕೂ ಬಲಕ್ಕೂ ತೂಗುವುದನ್ನು ಕಂಡಾಗಲೇ ತೂಗುತ್ತಿರುವುದು ತನ್ನದೇ ಕಟ್ಟಡ ಎಂದು ತಿಳಿದದ್ದು. ಮನಸ್ವಿನಿಯನ್ನು ಎಳೆದುಕೊಂಡು ಬಾಗಿಲ ಚೌಕಟ್ಟಿನ ಕೆಳಗೆ ಕೂತ. ಕರೆಂಟು ಹೋಗಿ ಟೀವಿ ಆರಿತು. ಗೋಡೆಯೊಳಗಿನಿಂದ ಕಟಕಟ ಸದ್ದು ಬರುತ್ತಿತ್ತು, ಯಾರೋ ಎಲುಬು ಮುರಿಯುತ್ತಿರುವಂತೆ. ಎಷ್ಟು ಹೊತ್ತು ಎಂದು ಆಮೇಲೆ ಪತ್ರಿಕೆಯವರು ಬರೆದರು, ಎರಡು ನಿಮಿಷಕ್ಕೂ ಕಡಿಮೆಯಂತೆ. ನೆಲದ ನಡುಕ ನಿಂತ ಮೇಲೂ ಅವನು ಚೌಕಟ್ಟನ್ನು ಬಿಡಲಿಲ್ಲ.

ಹುಡುಗಿ ಅಳುತ್ತಿರಲಿಲ್ಲ. "ಅಂಕಲ್, ಟೀವಿ ಬಂದ್ ಆಯ್ತು" ಎಂದಳು.

"ಬಾ, ಕೆಳಗ ಹೋಗೂಣು" ಎಂದು ಅವಳ ಕೈ ಹಿಡಿದು ಹೊರಗೆ ಬಂದ. ಆ ಮಹಡಿಯ ಉಳಿದ ಎರಡು ಮನೆಯವರು ಬಾಗಿಲು ತೆರೆದಿಟ್ಟೇ ಓಡಿಹೋಗಿದ್ದರು. ಕಾರಿಡಾರಿನ ಕೊನೆಗೆ ಬಂದವನು ಅಲ್ಲೇ ನಿಂತ. ಮೆಟ್ಟಿಲುಗಳಿದ್ದ ಭಾಗವೇ ಕಟ್ಟಡದಿಂದ ಬೇರೆಯಾಗಿ ಆಚೆ ಸರಿದಿತ್ತು. ನಡುವೆ ಒಂದೂವರೆ ಅಡಿ ಅಗಲದ ಸಂದು. ಅದರೊಳಗೆ ನೇರವಾಗಿ ಕೆಳಗೆ ನಿಂತ ಸ್ಕೂಟರುಗಳು ಕಾಣುತ್ತಿದ್ದವು. ನೆಲದ ಮೇಲಾಗಿದ್ದರೆ ಯೋಚನೆಯಿಲ್ಲದೆ ದಾಟುವ ಅಗಲ. ಆಚೆಯ ಮೆಟ್ಟಿಲು ಒಂದು ಕಡೆ ವಾಲಿತ್ತು, ಅದರಿಂದ ಸಿಮೆಂಟಿನ ಚೂರುಗಳು ಇನ್ನೂ ಉದುರುತ್ತಿದ್ದವು.

ಕಾರಿಡಾರಿನ ಗೋಡೆಯಲ್ಲಿದ್ದ ಜಾಲಿಯ ಕಿಂಡಿಗಳಿಂದ ರಸ್ತೆಯಾಚೆ ನೋಡಿದ. ಅಲ್ಲಿದ್ದ ಐದು ಮಹಡಿಯ ಕಟ್ಟಡ ಇರಲಿಲ್ಲ. ಬೂದಿ ಬಣ್ಣದ ಧೂಳು ಮೇಲೇಳುತ್ತಿತ್ತು. ಧೂಳು ಸ್ವಲ್ಪ ಸರಿದಾಗ, ಐದೂ ಛಾವಣಿಗಳು ಒಂದರ ಮೇಲೊಂದು ಪೇರಿಸಿಟ್ಟಂತೆ ಮಲಗಿದ್ದವು. ಒಂದು ಬಾಲ್ಕನಿಯ ಕಂಬಿಯಲ್ಲಿ ಒಣಹಾಕಿದ ಸೀರೆ ಹಾಗೇ ಇತ್ತು, ಈಗ ನೆಲಮಟ್ಟದಲ್ಲಿ. ಆ ಕಟ್ಟಡದ ನೆಲಮಹಡಿಯಲ್ಲಿ ಜಯಂತಿಭಾಯಿಯ ಹಾಲಿನ ಅಂಗಡಿಯಿತ್ತು. ಮನಸ್ವಿನಿ ಹಾಲಿಗೆ ಹೋದಾಗಲೆಲ್ಲ ಆ ಮುದುಕ ಅವಳ ಅಂಗೈಗೆ ಒಂದು ಪೆಪ್ಪರ್‌ಮಿಂಟು ಇಡುತ್ತಿದ್ದ.

ಮನಸ್ವಿನಿಯೂ ಜಾಲಿಗೆ ಮುಖವಿಟ್ಟು ನೋಡುತ್ತಿದ್ದಳು. ಮುಖದಲ್ಲಿ ಕುತೂಹಲ ಬಿಟ್ಟು ಬೇರೇನೂ ಇರಲಿಲ್ಲ.

"ಚಪ್ಟಾ ಆಗೋಯ್ತು" ಎಂದಳು. ಸ್ವಲ್ಪ ಕಾದು, "ಅಂಕಲ್, ಯಾವಾಗ ಎದ್ದೇಳತ್ತೆ?" ಎಂದು ಕೇಳಿದಳು.

ಉತ್ತರ ಹುಡುಕುತ್ತ ಅವಳ ಕೈ ಬಿಟ್ಟದ್ದು ಉಮಾಕಾಂತನಿಗೆ ತಿಳಿಯಲೇ ಇಲ್ಲ. ತಿರುಗಿ ನೋಡುವಷ್ಟರಲ್ಲಿ ಅವಳು ಸಂದಿನ ಅಂಚಿನಲ್ಲಿದ್ದಳು. ಒಂದು ಚಪ್ಪಲಿಯ ತುದಿ ಆಗಲೇ ಗಾಳಿಯಲ್ಲಿತ್ತು. ಸ್ವೆಟರಿನ ಕುತ್ತಿಗೆ ಹಿಡಿದು ಹಿಂದಕ್ಕೆ ಎಳೆದ. ಇಬ್ಬರೂ ನೆಲಕ್ಕೆ ಬಿದ್ದರು.

"ನಾನು ಜಂಪ್ ಮಾಡ್ತಿದ್ದೆ" ಎಂದಳು, ಅವನು ಆಟ ಕೆಡಿಸಿದನೆಂಬ ಧ್ವನಿಯಲ್ಲಿ.

"ಬಿದ್ದಿದ್ರ?"

"ಬಿದ್ರೆ ಏನು? ಚಪ್ಟಾ ಆಗ್ತೀನಿ. ಆಮೇಲೆ ಹೀಗೆ." ಅವಳು ಹೆಬ್ಬೆರಳು ಬಾಯಿಗಿಟ್ಟು ಊದಿ ತೋರಿಸಿದಳು.

ಅಷ್ಟು ಹೊತ್ತು ಅವನು ಪಟ್ಟ ಭಯವೆಲ್ಲ ಈ ಭಯದ ಮುಂದೆ ಸಣ್ಣದಾಯಿತು. ಒಂದು ವರ್ಷ ಅವಳ ಪಕ್ಕದಲ್ಲಿ ಕೂತು ನಕ್ಕಿದ್ದ. ನರಿಯ ಮಾತು ಬೇರೆ, ನಮ್ಮ ಮಾತು ಬೇರೆ ಎಂದು ಒಂದು ದಿನವೂ ಹೇಳಿರಲಿಲ್ಲ. ಹೇಳಬೇಕೆಂದು ಹೊಳೆದೇ ಇರಲಿಲ್ಲ. ಅವಳ ಎರಡೂ ತೋಳು ಹಿಡಿದುಕೊಂಡ.

"ಇಲ್ಲ ಪುಟ್ಟಿ. ಏಳೂದಿಲ್ಲ. ನಾವು ಬಿದ್ರ ಏಳೂದಿಲ್ಲ. ಸತ್ತು ಹೋಗ್ತೀವಿ. ಆ ಬಿಲ್ಡಿಂಗೂ ಏಳೂದಿಲ್ಲ."

"ಒಳಗಿದ್ದೋರು?"

"ಗೊತ್ತಿಲ್ಲ."

"ಜಯಂತಿಕಾಕಾ?"

ಅವಳು ಜಾಲಿಯ ಕಡೆಗೊಮ್ಮೆ, ಸಂದಿನ ಕಡೆಗೊಮ್ಮೆ ನೋಡಿದಳು. ಆಮೇಲೆ ಬಂದ ಅಳು ಅವನು ಯಾವತ್ತೂ ಕೇಳಿರದಂಥದ್ದು. ನೋವಿರುವ ಗಂಟಲಿನಿಂದ ಸದ್ದೇ ಹೊರಡದೆ ಬಾಯಿ ಮಾತ್ರ ತೆರೆದುಕೊಂಡಿತ್ತು. ಅವಳು ಓಡಿಹೋಗಿ ತನ್ನ ಮನೆಯ ಬೀಗ ಹಾಕಿದ ಬಾಗಿಲ ಹಿಡಿಕೆಗೆ ಜೋತುಬಿದ್ದಳು.

"ಬಾ ಪುಟ್ಟಿ, ಇಲ್ಲೆ ನಿಲ್ಲಬಾರದು."

"ನಹೀ. ಅಲ್ಲಿ ಬರಲ್ಲ. ಸತ್ತೋಗ್ತೀನಿ."

ಅವಳನ್ನು ಹೆದರಿಸಿದವನು ತಾನೇ. ಈಗ ಹೆದರಬೇಡ ಎಂದರೆ ನಂಬುತ್ತಾಳೆಯೇ? ಹಾಗೆ ನಿಂತಿದ್ದಾಗಲೇ ನೆಲ ಮತ್ತೊಮ್ಮೆ ಅದುರಿತು. ಮೊದಲಿನಷ್ಟು ಜೋರಲ್ಲ, ಆದರೆ ಆಚೆಯ ಮೆಟ್ಟಿಲಿನ ಅಂಚಿನಿಂದ ಹಿಡಿಗಾತ್ರದ ತುಂಡೊಂದು ಕಳಚಿ ಸಂದಿನೊಳಗೆ ಬಿತ್ತು. ಅದು ಕೆಳಗೆ ತಲುಪಿದ ಸದ್ದು ಬರಲು ಬಹಳ ಹೊತ್ತು ಹಿಡಿದಂತೆನಿಸಿತು. ಕೆಳಗಿನಿಂದ ಯಾರೋ ಗುಜರಾತಿಯಲ್ಲಿ, ಮೇಲೆ ಯಾರಾದರೂ ಇದ್ದರೆ ಬೇಗ ಇಳಿಯಿರಿ ಎಂದು ಕೂಗಿದರು.

ಉಮಾಕಾಂತ ಒಳಗೆ ಹೋಗಿ ಚಾದರ ತಂದ. ಹಿಡಿಕೆಯಿಂದ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಅವಳು ಅವನ ಮಣಿಕಟ್ಟು ಕಚ್ಚಿದಳು. ಬಿಡಲಿಲ್ಲ. ಬೆನ್ನಿಗೆ ಹಾಕಿಕೊಂಡು ಚಾದರವನ್ನು ಎದೆಯ ಮೇಲೆ ಎರಡು ಸುತ್ತು ತಂದು ಗಂಟು ಹಾಕಿದ, ಗಂಟಿನ ಮೇಲೆ ಮತ್ತೊಂದು ಗಂಟು.

"ನನಗೂ ಅಂಜಿಕಿ ಆಗೇತಿ ಪುಟ್ಟಿ" ಎಂದ. ಅದು ನಿಜವಾಗಿತ್ತು. ಬೇರೆ ಯಾವ ನಿಜವೂ ಆಗ ಹೊಳೆಯಲಿಲ್ಲ. "ಇಬ್ಬರೂ ಅಂಜಿಕೊಂಡೇ ದಾಟೂಣು. ಕಣ್ಣು ಮುಚ್ಚಿಕೋ."

ಅವಳ ಮುಖ ಅವನ ಕುತ್ತಿಗೆಗೆ ಒತ್ತಿತು, ಒದ್ದೆಯಾಗಿ, ಬಿಸಿಯಾಗಿ. ಅವನು ಗೋಡೆಗೆ ಅಂಗೈ ಒತ್ತಿ ಅಂಚಿಗೆ ಬಂದ. ಬಲಗಾಲು ಎತ್ತಿದ, ಮತ್ತೆ ಇಳಿಸಿದ. ಎರಡನೇ ಸಲವೂ ಹಾಗೇ ಆಯಿತು. ಮೂರನೇ ಸಲ ಕಾಲು ಆಚೆ ಹೋಗಿ ಮೆಟ್ಟಿಲನ್ನು ಮುಟ್ಟಿತು. ಮೆಟ್ಟಿಲು ಅವನ ಭಾರಕ್ಕೆ ಸಣ್ಣಗೆ ಗುರುಗುಟ್ಟಿತು. ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ, ನಡುವೆ ನಾಲ್ಕು ಮಹಡಿಯ ಗಾಳಿ ಪೈಜಾಮದೊಳಗೆ ತಣ್ಣಗೆ ಬೀಸುತ್ತಿತ್ತು. ಹಿಂದಿನ ಕಾಲನ್ನು ಹೇಗೆ ತಂದನೋ ಅವನಿಗೆ ನೆನಪಿಲ್ಲ. ಆಮೇಲೆ ಗೋಡೆ ಹಿಡಿದು, ಕೂತುಕೊಂಡೇ, ಮಗುವಿನಂತೆ ಒಂದೊಂದು ಮೆಟ್ಟಿಲಾಗಿ ಸರಿದು ಇಳಿದ. ಅರವತ್ತಕ್ಕಿಂತ ಹೆಚ್ಚು ಮೆಟ್ಟಿಲು.

ಹರಿಪ್ರಸಾದ ಮತ್ತು ಸುಮಿತ್ರಾ ಬಂದಾಗ ಅವನು ರಸ್ತೆಯ ನಡುವೆ ಬೆನ್ನಿನ ಮಗುವಿನೊಂದಿಗೆ ಕೂತಿದ್ದ. ಗಂಟು ಬಿಚ್ಚಲು ಅವನ ಬೆರಳುಗಳಿಗೆ ಆಗಲಿಲ್ಲ. ಹರಿಪ್ರಸಾದರ ಬೆರಳುಗಳಿಗೂ ಆಗಲಿಲ್ಲ. ಕೊನೆಗೆ ಸುಮಿತ್ರಾ ಹಲ್ಲಿನಿಂದ ಬಿಚ್ಚಿದರು.

ಜಯಂತಿಭಾಯಿಯ ಶವ ಮೂರನೇ ದಿನ ಸಿಕ್ಕಿತು. ಅಷ್ಟರಲ್ಲಿ ಇಡೀ ಬಡಾವಣೆ ಶಾಲೆಯ ಮೈದಾನದಲ್ಲಿ ಶಾಮಿಯಾನದ ಕೆಳಗೆ ವಾಸವಾಗಿತ್ತು. ಮನಸ್ವಿನಿ ಮಾತು ನಿಲ್ಲಿಸಿದ್ದಳು. ಉಮಾಕಾಂತ ಹತ್ತಿರ ಬಂದರೆ ತಾಯಿಯ ಸೆರಗಿನ ಹಿಂದೆ ಸರಿಯುತ್ತಿದ್ದಳು.

"ಅವಳಿಗೆ ಏನಾದ್ರೂ ಹೇಳಿದ್ರಾ?" ಎಂದು ಸುಮಿತ್ರಾ ಒಂದು ಮಧ್ಯಾಹ್ನ ಕೇಳಿದರು.

"ಹೇಳಿದ್ನಿ ಅಕ್ಕಾರ. ಬಿದ್ರ ಸಾಯ್ತೀವಿ ಅಂತ ಹೇಳಿದ್ನಿ. ಹೇಳದಿದ್ರ ಹಾರತಿದ್ಲು."

"ನಾವು ಹೇಳ್ಬೇಕಿತ್ತು" ಎಂದರು ಸುಮಿತ್ರಾ.

ಹತ್ತನೇ ದಿನ ಯಾರೋ ಜನರೇಟರಿಗೆ ಟೀವಿ ಜೋಡಿಸಿ ಮಕ್ಕಳಿಗೆಂದು ಕಾರ್ಟೂನು ಹಾಕಿದರು. ಅದೇ ನರಿ. ಮಕ್ಕಳು, ಅವರ ಹಿಂದೆ ದೊಡ್ಡವರು, ಮನೆ ಕಳೆದುಕೊಂಡವರು ಕೂಡ ಸುತ್ತ ನೆರೆದರು. ಉಮಾಕಾಂತ ದೂರದಲ್ಲಿ ನಿಂತ. ಜನರೇಟರಿನ ಗುಡುಗುಡು ಸದ್ದಿಗೇ ಅವನು ಕಾಲ ಕೆಳಗಿನ ನೆಲವನ್ನು ಮತ್ತೆ ಮತ್ತೆ ನೋಡುತ್ತಿದ್ದ. ನರಿ ಬಂಡೆಯ ತುದಿಯಿಂದಾಚೆ ಕಾಲಿಟ್ಟಾಗ ಪಕ್ಕದಿಂದ ಒಂದು ಸಣ್ಣ ಕೈ ಬಂದು ಅವನ ಕಿರುಬೆರಳು ಹಿಡಿಯಿತು. ಮನಸ್ವಿನಿಯ ಉಗುರು ಚರ್ಮಕ್ಕೆ ನಾಟುವಷ್ಟು ಬಿಗಿ. ನರಿ ಬಿತ್ತು. ಮಕ್ಕಳೆಲ್ಲ ಗೊಳ್ಳೆಂದರು, ಅವಳು ನಗಲಿಲ್ಲ, ಉಸಿರನ್ನೇ ಹಿಡಿದಿದ್ದಳು. ನರಿ ಧೂಳಿನಿಂದ ತಲೆ ಎತ್ತಿ, ಕಿವಿ ಸರಿಮಾಡಿಕೊಂಡು ಎದ್ದು ನಿಂತಿತು. ಆಗ, ಬೇರೆ ಮಕ್ಕಳ ನಗು ಮುಗಿದ ಮೇಲೆ, ಅವಳೊಬ್ಬಳೇ ನಕ್ಕಳು.

"ಇದು ಸುಳ್ಳು" ಎಂದು ಅವನಿಗೆ ಹೇಳಿದಳು. ಹತ್ತು ದಿನಗಳಲ್ಲಿ ಅವನೊಂದಿಗೆ ಆಡಿದ ಮೊದಲ ಮಾತು.

"ಹೌದು, ಸುಳ್ಳು."

"ಇನ್ನೊಂದು ನೋಡೋಣ."

ಬೇರೆ ಕಂಬಗಳನ್ನು ಕೊಟ್ಟು ಕಟ್ಟಡವನ್ನು ಜೂನ್ ಹೊತ್ತಿಗೆ ರಿಪೇರಿ ಮಾಡಿದರು. ಪರೀಕ್ಷಿಸಿದ ಇಂಜಿನಿಯರು ಭಯವಿಲ್ಲ ಎಂದು ಬರೆದುಕೊಟ್ಟ ಮೇಲೆ ಹರಿಪ್ರಸಾದ ಕುಟುಂಬ ಮರಳಿತು. ಉಮಾಕಾಂತ ವಟ್ವಾದ ಹತ್ತಿರ ಒಂದು ನೆಲಮಾಳಿಗೆಯಿಲ್ಲದ, ಮಹಡಿಯಿಲ್ಲದ ಒಂಟಿ ಕೋಣೆ ಹಿಡಿದ. ಭಾನುವಾರ ಎರಡು ಬಸ್ಸು ಬದಲಿಸಿ ಬೋಡಕ್‌ದೇವ್‌ಗೆ ಬರುತ್ತಾನೆ. ಮೇಲೆ ಹತ್ತಲು ಎರಡು ಸಲ ಪ್ರಯತ್ನಿಸಿ ಮೊದಲ ಮಹಡಿಯಿಂದ ವಾಪಸು ಇಳಿದಿದ್ದಾನೆ. ಯಾರೂ ಆ ಬಗ್ಗೆ ಮಾತಾಡುವುದಿಲ್ಲ. ಸುಮಿತ್ರಾ ಕಾಫಿಯನ್ನು ಕೆಳಗೇ ತರುತ್ತಾರೆ. ಹರಿಪ್ರಸಾದರು ಎರಡು ಪ್ಲಾಸ್ಟಿಕ್ ಕುರ್ಚಿ ಹಿಡಿದುಕೊಂಡು ಹಿಂದಿನಿಂದ ಬರುತ್ತಾರೆ.