ಹೆಸರು ಕತ್ತರಿಸಿದ ದನಿ

ನಾನು ಒಂದು ಧ್ವನಿಮುದ್ರಕ. ನನ್ನನ್ನು ಕಟ್ಟಿದ ದೂರದೇಶದ ಕಾರ್ಖಾನೆಯಲ್ಲಿ ಮೊದಲು ಕಿವಿ ಇಟ್ಟರು, ಆಮೇಲೆ ಬಾಯಿ ಇಟ್ಟರು. ನಡುವೆ ತಲೆ ಇಡುವುದನ್ನು ಮರೆತರು. ಹೀಗಾಗಿ ಕೇಳಿದ್ದನ್ನು ಕೇಳಿದ ಹಾಗೆಯೇ ಒಪ್ಪಿಸುವುದಷ್ಟೇ ನನಗೆ ಬರುವ ವಿದ್ಯೆ.

ನನ್ನ ಮೊದಲ ಯಜಮಾನರು ಮೈಸೂರಿನ ಒಬ್ಬ ಪ್ರಾಧ್ಯಾಪಕರು. ತಮ್ಮ ಭಾಷಣವನ್ನು ತಾವೇ ಮುದ್ರಿಸಿಕೊಂಡು, ಊಟವಾದ ಮೇಲೆ ನನ್ನ ಬಾಯಿಂದ ಕೇಳಿ, ತಲೆದೂಗುತ್ತ ತೂಗುತ್ತ ತೂಕಡಿಸುತ್ತಿದ್ದರು. ಎರಡು ವರ್ಷ ಅವರನ್ನು ಕೆಮ್ಮಿನ ಸಮೇತ ಅಣಕಿಸಿದೆ. ಆಮೇಲೆ ಅವರು ನನ್ನನ್ನು ತಮ್ಮ ಸಂಶೋಧನಾ ವಿದ್ಯಾರ್ಥಿನಿ ಸುಚೇತಾಳಿಗೆ ಕೊಟ್ಟರು.

ಸುಚೇತಾ ಓದುತ್ತಿದ್ದದ್ದು ಪೌರಶಿಕ್ಷಣದ ಬಗ್ಗೆ. ಮತದಾನ, ಹಕ್ಕು, ಕರ್ತವ್ಯಗಳನ್ನು ಮಕ್ಕಳಿಗೆ ಕಲಿಸುವುದು ಹೇಗೆಂದು ಶಿಕ್ಷಕರಿಗೆ ತರಬೇತಿ ಕೊಡುತ್ತಾರಲ್ಲ, ಅದು ತರಗತಿಯ ಬಾಗಿಲು ದಾಟುತ್ತದೆಯೇ ಎಂಬುದು ಅವಳ ಪ್ರಶ್ನೆ. ನನ್ನನ್ನು ಚೀಲದಲ್ಲಿ ಹಾಕಿಕೊಂಡು ಗದಗ ಸೀಮೆಗೆ ಬಂದಳು. ನನ್ನ ಕೆಂಪು ದೀಪ ಹತ್ತಿದೊಡನೆ ಮಾಸ್ತರುಗಳೆಲ್ಲ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. “ತರಬೇತಿ ಭಾಳ ಉಪಯುಕ್ತ ಆತ್ರಿ.” ಹದಿನೆಂಟು ದನಿ, ಒಂದೇ ವಾಕ್ಯ. ಪಕ್ಕದ ತಾಲೂಕಿನ ಒಂದು ತರಬೇತಿಯೊಳಗೂ ಕುಳಿತು ನೋಡಿದೆ. ಪಾಠ ಹೇಳುವವರನ್ನು ಸಂಪನ್ಮೂಲ ವ್ಯಕ್ತಿ ಎನ್ನುತ್ತಾರೆ. ಮೂರು ದಿನ ಮರದ ಬೆಂಚಿನ ಮೇಲೆ ಕುಳಿತು ಕೇಳಿದವರಿಗೆ ಸಂಪತ್ತು ಬರದಿದ್ದರೂ ಮೂಲವ್ಯಾಧಿಯಂತೂ ಬರುತ್ತಿತ್ತು.

ಹತ್ತೊಂಬತ್ತನೆಯವರು ಬಡಿಗೇರ ಟೀಚರ್. ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವರು, ಐವತ್ತರ ಹತ್ತಿರದವರು. ನನ್ನನ್ನು ನೋಡಿ ಅವರು ಬೆನ್ನು ನೆಟ್ಟಗೆ ಮಾಡಲಿಲ್ಲ; ಎದ್ದು ಬಾಗಿಲು ಮುಂದೆ ಮಾಡಿದರು.

“ಈ ವರ್ಷ ಶಾಲಾ ಸಂಸತ್ತಿನ ಚುನಾವಣೆ ಮಾಡಿದೆ ತಂಗಿ. ತರಬೇತ್ಯಾಗ ಹೇಳಿದಂಗ ಚೀಟಿ, ಡಬ್ಬಿ, ಬೆರಳಿಗೆ ಶಾಯಿ, ಎಲ್ಲಾ. ಏಳನೇ ಕ್ಲಾಸಿನ ರೇಣವ್ವ ಗೆದ್ದಳು. ಆದ್ರ ಹೆಡ್ ಮಾಸ್ತರು ಮೂರು ದಿನ ಮೊದಲ ಬೋರ್ಡ್ ಬರಸಿ ಇಟ್ಟಿದ್ರು. ಮುಖ್ಯಮಂತ್ರಿ ಅಂತ ಶಾಲಾ ಸಮಿತಿ ಅಧ್ಯಕ್ಷರ ಮಗನ ಹೆಸರು.”

“ಚುನಾವಣೆಗಿಂತ ಮೊದ್ಲೇನಾ?”

“ಇಲಾಖೆಗೆ ಫೋಟೋ ಕಳಸೂದಿತ್ತಂತ. ಬಣ್ಣ ಒಣಗಬೇಕಲ್ಲ.” ಟೀಚರ್ ನಕ್ಕರು. ಆ ನಗೆಯೂ ನನ್ನೊಳಗಿದೆ. ಅದನ್ನು ಮತ್ತೆ ಕೇಳಿದವರು ಯಾರೂ ನಗಲಾರರು. “ರೇಣವ್ವ ಬಂದು ‘ನಾ ಗೆದ್ದಿಲ್ಲೇನ್ರಿ ಟೀಚರ್?’ ಅಂತ ಕೇಳಿದಳು. ‘ಗೆದ್ದೀದಿ, ಆದ್ರ ಸುಮ್ನಿರು’ ಅಂದೆ. ಇಪ್ಪತ್ತಾರು ವರ್ಷ ಪೌರನೀತಿ ಕಲಿಸಿ ಕಡೀಗೆ ಆ ಕೂಸಿಗೆ ಇಷ್ಟ ಕಲಿಸಿದೆ ನೋಡು.”

ಟೀಚರ್ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿದರು.

“ಮಾರ್ಚಿನ್ಯಾಗ ಏಳನೇದು ಮುಗಿಸಿ ಆಕಿ ಈ ಶಾಲಿ ಬಿಟ್ಟು ಹೊಕ್ಕಾಳ. ಅಷ್ಟರೊಳಗ ಆ ಬೋರ್ಡ್ ತಿದ್ದಸ್ತೀನಿ. ಹೆಡ್ ಮಾಸ್ತರು ಕೆಟ್ಟವರಲ್ಲ, ಅಂಜುಬುರುಕರು. ನಿಧಾನಕ ಒಲಿಸ್ಲಿಕತ್ತೀನಿ. ಅಲ್ಲೀತನಕ ಇದು ಹೊರಗ ಹೋಗಬಾರ್ದು. ನನ್ನ ಹೆಸರು ಬರೂದಿಲ್ಲಲ್ಲ?”

“ಎಲ್ಲೂ ಬರಲ್ಲ ಮೇಡಂ. ಹೆಸರು ತೆಗೆದು ನಂಬರ್ ಹಾಕ್ತೀನಿ.”

ಸುಚೇತಾ ಸುಳ್ಳು ಹೇಳಲಿಲ್ಲ. ಅಂದು ಸಂಜೆಯೇ ನನ್ನೊಳಗಿನ ಮುದ್ರಣದಿಂದ ಹೆಸರು, ಊರು, ಶಾಲೆ ಎಲ್ಲವನ್ನೂ ಕತ್ತರಿಸಿದಳು.

ಜನವರಿಯಲ್ಲಿ ತಾಲೂಕಿನ ತರಬೇತಿ ಕೇಂದ್ರದವರು ಅವಳಿಗೆ ಮಧ್ಯಾಹ್ನದ ಒಂದು ಗಂಟೆ ಕೊಟ್ಟರು. ತರಬೇತಿಯಲ್ಲಿ ಬದಲಾಗಬೇಕಾದ್ದು ಏನೆಂದು ಶಿಕ್ಷಕರಿಗೇ ತೋರಿಸಬೇಕೆಂಬ ಹುಮ್ಮಸ್ಸು ಅವಳಿಗೆ. “ಇದು ಯಾವ ಶಾಲೆ ಅನ್ನೋದು ಮುಖ್ಯ ಅಲ್ಲ” ಎನ್ನುತ್ತ ನನ್ನನ್ನು ಸ್ಪೀಕರಿಗೆ ಜೋಡಿಸಿದಳು. ಮೂರನೆಯ ಸಾಲಿನಲ್ಲಿ ಬಡಿಗೇರ ಟೀಚರ್ ಕುಳಿತಿದ್ದರು. ಎರಡು ಸಾಲು ಹಿಂದೆ ಅವರ ಹೆಡ್ ಮಾಸ್ತರು. ಸುಚೇತಾ ಟೀಚರನ್ನಷ್ಟೇ ನೋಡಿದಳು, ಹೆಸರಿಲ್ಲವೆಂದು ಧೈರ್ಯವಾಗಿ ಗುಂಡಿ ಒತ್ತಿದಳು.

ಆದರೆ ಆ ತಾಲೂಕಿನಲ್ಲಿ ಯಾವ ತರಬೇತಿಯಾದರೂ ಪ್ರಾರ್ಥನೆ ಹಾಡುವವರು ಬಡಿಗೇರ ಟೀಚರ್ ಒಬ್ಬರೇ. ಹದಿನೈದು ವರ್ಷದಿಂದ ಅದೇ ವಾಡಿಕೆ. ಅಂದು ಬೆಳಿಗ್ಗೆಯೂ ಹಾಡಿದ್ದರು. ಸುಚೇತಾ ಬಂದದ್ದು ಊಟದ ಹೊತ್ತಿಗೆ.

ನಾನು ‘ಈ ವರ್ಷ’ ಎಂದೆ, ಅಷ್ಟೇ.

“ಏ, ನಮ್ಮ ಬಡಿಗೇರ ಟೀಚರ್ ಅಲ್ಲೇನೋ?” ಎಂದಿತು ಒಂದು ದನಿ. “ಪ್ರಾರ್ಥನಾ ಇನ್ನೂ ಮುಗಿದಿಲ್ಲೇನು?” ಎಂದಿತು ಇನ್ನೊಂದು. ಕೋಣೆ ನಕ್ಕಿತು. ನಾನು ಚುನಾವಣೆ ಎಂದೆ, ಬೋರ್ಡ್ ಎಂದೆ. ನಗೆ ನಿಂತಿತು. ತಂತಿ ಎಳೆಯುವುದೋ ಗುಂಡಿ ಒತ್ತುವುದೋ ತಿಳಿಯದೆ ಸುಚೇತಾಳ ಬೆರಳು ತಡವರಿಸಿತು. ಅಷ್ಟರಲ್ಲಿ ‘ಅಂಜುಬುರುಕರು’ ಎಂದೂ ಆಗಿತ್ತು. ಅದನ್ನು ನಾನು ಎಷ್ಟು ಚೆನ್ನಾಗಿ ಹೇಳಿದೆನೆಂದರೆ, ಆ ಮಾತಿನಲ್ಲಿದ್ದ ಕನಿಕರ ಕೂಡ ಹಾಗೇ ಇತ್ತು. ಅದು ಯಾರಿಗೂ ಕೇಳಿಸಲಿಲ್ಲ.

ಹೆಡ್ ಮಾಸ್ತರು ಸಿಟ್ಟಾಗಲಿಲ್ಲ. ಹೊರಗೆ ಚಹಾ ಕುಡಿಯುವಾಗ, “ಚಲೋ ಮಾತಾಡ್ತೀರಿ ಟೀಚರ್. ನಮ್ಮಂಥ ಅಂಜುಬುರುಕರ ಶಾಲಿ ನಿಮಗ ಸಣ್ಣದಾತು” ಎಂದರಷ್ಟೇ. ಹನ್ನೆರಡು ದಿನದಲ್ಲಿ ಬಡಿಗೇರ ಟೀಚರ್ ನಲವತ್ತು ಕಿಲೋಮೀಟರ್ ಆಚೆಯ ಏಕೋಪಾಧ್ಯಾಯ ಶಾಲೆಗೆ ನಿಯೋಜನೆಯ ಮೇಲೆ ಹೋದರು. ಮಾರ್ಚ್ ಬಂತು, ಹೋಯಿತು. ಆ ಬೋರ್ಡಿನಲ್ಲಿ ಬೇರೆ ಹೆಸರು ಬರಲಿಲ್ಲ.

ಈಗ ಸುಚೇತಾ ಡಾಕ್ಟರ್ ಸುಚೇತಾ. ಮೊಬೈಲೇ ಎಲ್ಲವನ್ನೂ ಮುದ್ರಿಸಿಕೊಳ್ಳುತ್ತದೆ. ನಾನು ಅವಳ ಮೇಜಿನ ಖಾನೆಯಲ್ಲಿ, ತುಕ್ಕು ಹಿಡಿದ ಎರಡು ಬ್ಯಾಟರಿಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಮಲಗಿದ್ದೇನೆ. ಇಲ್ಲಿ ಯೋಚಿಸಲು ಬೇಕಾದಷ್ಟು ಸಮಯ. ಒಬ್ಬರ ಮಾತನ್ನು ಇದ್ದಂತೆಯೇ ಒಪ್ಪಿಸುವುದು ಪ್ರಾಮಾಣಿಕತನ ಎಂದುಕೊಂಡಿದ್ದೆ. ಯಾರ ಮುಂದೆ ಎಂಬುದೂ ಮಾತಿನದೇ ಭಾಗವೆಂದು ನನಗಾಗಲೀ, ನನಗಿಂತ ಹೆಚ್ಚು ಓದಿದ ಅವಳಿಗಾಗಲೀ ಹೊಳೆಯಲಿಲ್ಲ.

ನನ್ನೊಳಗಿನ ಕೊನೆಯ ಮುದ್ರಣ ಹನ್ನೊಂದು ಸೆಕೆಂಡಿನದು. ಏಪ್ರಿಲಿನಲ್ಲಿ ಸುಚೇತಾ ಕ್ಷಮೆ ಕೇಳಲು ಆ ಏಕೋಪಾಧ್ಯಾಯ ಶಾಲೆಗೆ ಹೋಗಿದ್ದಳು. ಅಭ್ಯಾಸಬಲದಿಂದ ನನ್ನನ್ನು ಹೊರತೆಗೆದು, ಗುಂಡಿ ಒತ್ತಿ, ಮೇಜಿನ ಮೇಲೆ ಇಟ್ಟುಬಿಟ್ಟಳು. ಮಕ್ಕಳು ಮಗ್ಗಿ ಹೇಳುವ ಸದ್ದು. ಕುರ್ಚಿ ಎಳೆದ ಸದ್ದು. ಆಮೇಲೆ ಬಡಿಗೇರ ಟೀಚರ್, ಬಹಳ ಮೆತ್ತಗೆ:

“ಕೂಡು ತಂಗಿ. ಮೊದಲ ಅದನ್ನ ಬಂದ್ ಮಾಡು.”

ಸುಚೇತಾ ಬಂದ್ ಮಾಡಿದಳು. ಆಮೇಲೆ ಅವರಿಬ್ಬರೂ ಏನು ಮಾತಾಡಿದರೋ ನನಗೆ ಗೊತ್ತಿಲ್ಲ.