ಇಪ್ಪತ್ತೇಳನೆಯ ಕ್ವೆಲ್‌ಬ್ರಿಂಕ್

ಭೂಮಿಯ ಮೇಲೆ ಆ ಹೆಸರನ್ನು ಹೊತ್ತವರು ಇಪ್ಪತ್ತೇಳೇ ಮಂದಿ ಎಂದು ಕಮಲಾಕ್ಷನಿಗೆ ಗೊತ್ತಾದದ್ದು ಅವನ ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಬಹ್ರೇನಿನ ಮನಾಮದ ಒಂದು ಟೈಪಿಂಗ್ ಸೆಂಟರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಾಗ.

ಅವನು ಹೋದದ್ದು ಪಾಸ್‌ಪೋರ್ಟ್ ನವೀಕರಿಸುವ ಕೆಲಸಕ್ಕೆ. ಮೂವತ್ತೊಂದು ವರ್ಷ ಟುಬ್ಲಿಯ ವರ್ಕ್‌ಶಾಪಿನಲ್ಲಿ ತಗಡು ಬಗ್ಗಿಸಿ ಏಸಿಯ ಗಾಳಿ ಹರಿಯುವ ಡಕ್ಟ್ ಮಾಡಿದವನು, ಮುಂದಿನ ವರ್ಷ ಊರಿಗೆ ಹೊರಡುವವನಿದ್ದ. ಹೊರಡುವ ಮೊದಲು ಒಂದು ಆಸೆ. ತನ್ನ ಹೆಸರಿನ ಬಾಲಕ್ಕೆ ಅಂಟಿಕೊಂಡ ಆ ಜರ್ಮನ್ ಹೆಸರನ್ನು ತೆಗೆಸಿ, ಸಾಲ್ಯಾನ್ ಎಂದು ಬರೆಸಬೇಕು. ಸಾಲ್ಯಾನ್ ಅವನ ತಾಯಿಯ ಬರಿ, ಅಂದರೆ ಕುಲದ ಹೆಸರು. ತುಳುವರಲ್ಲಿ ಬರಿ ಇಳಿದು ಬರುವುದು ತಾಯಿಯಿಂದ ಮಕ್ಕಳಿಗೆ; ಅವನ ಮಕ್ಕಳ ಹೆಸರಿಗೂ ಅವರ ತಾಯಿಯ ಬರಿಯೇ. ಕಾಗದದ ಮಟ್ಟಿಗೆ ಅವನು ಒಂದು ದಿನವೂ ತನ್ನ ತಾಯಿಯ ಮಗನಾಗಿರಲಿಲ್ಲ. ಎಲ್ಲಿ ನೋಡಿದರೂ ಅಕ್ಕು ಎಂಬ ಅವಳ ಹೆಸರಿಲ್ಲ. ಅದೊಂದು ಮುಳ್ಳು ಒಳಗೇ ಉಳಿದಿತ್ತು.

ಫಾರ್ಮು ತುಂಬುವವನು ಎಲ್ರಾಯ್, ಮಂಗಳೂರು ಕಡೆಯ ಕ್ರಿಶ್ಚಿಯನ್ ಹುಡುಗ. ಅವನ ಬಾಯಿಗೆ ಬೀಗವಿಲ್ಲ.

"ಇದೆಂತ ಕಮಲಾಕ್ಷಣ್ಣ, ಕ್ವೆಲ್‌ಬ್ರಿಂಕ್? ಇಷ್ಟು ವರ್ಷ ನನಗೆ ಹೇಳಲೇ ಇಲ್ಲ. ನೀವು ನಮ್ಮವರಾ, ಅವರವರಾ?"

"ನಾನು ಯಾರವನೂ ಅಲ್ಲ ಮಾರಾಯ, ಅಕ್ಕುವಿನ ಮಗ. ಅದನ್ನೇ ಬರಿ."

"ಬರೀತೇನೆ. ಆದ್ರೆ ಇದು ಎಲ್ಲಿಂದ ಬಂತು ಅಂತ ನೋಡುವ, ತಡೀರಿ." ಎಲ್ರಾಯ್ ಕಂಪ್ಯೂಟರಿನಲ್ಲಿ ಹೆಸರು ಒತ್ತಿದ. ಲೋಕದ ಹೆಸರುಗಳನ್ನೆಲ್ಲ ದೇಶವಾರು ಎಣಿಸಿಟ್ಟ ಒಂದು ಪುಟ ಅದು. ನಕಾಶೆ ತೆರೆದುಕೊಂಡಿತು. ಇಡೀ ಭೂಮಿ ಬೂದು ಬಣ್ಣ, ಅಲ್ಲಲ್ಲಿ ನಾಲ್ಕು ಕೆಂಪು ಚುಕ್ಕೆ.

"ಅಯ್ಯೋ ದೇವರೇ! ಜರ್ಮನಿಯಲ್ಲಿ ಇಪ್ಪತ್ತೆರಡು, ಹಾಲೆಂಡಿನಲ್ಲಿ ಎರಡು, ಅರ್ಜೆಂಟೀನಾದಲ್ಲಿ ಒಂದು..." ಅವನ ಬೆರಳು ನಿಂತಿತು. "ಬಹ್ರೇನಿನಲ್ಲಿ ಎರಡು. ಒಟ್ಟು ಇಪ್ಪತ್ತೇಳು. ಅಷ್ಟೇ ಅಣ್ಣ, ಇಡೀ ಪ್ರಪಂಚಕ್ಕೆ!"

ಕಮಲಾಕ್ಷ ಪರದೆಯತ್ತ ಬಾಗಿದ. ಜರ್ಮನಿಯಲ್ಲಿ ಆ ಹೆಸರು ನಮ್ಮ ಕಡೆಯ ಪೂಜಾರಿ, ಶೆಟ್ಟಿಗಳ ಹಾಗೆ ಬೀದಿಬೀದಿಗೆ ಸಿಗುವಂಥದ್ದು ಎಂದೇ ಅವನು ತಿಳಿದಿದ್ದ. ಇಪ್ಪತ್ತೇಳು ಜನ! ತನ್ನ ಕಂಪನಿಯ ಬಸ್ಸಿನಲ್ಲಿ ಅಷ್ಟೂ ಜನರನ್ನು ಕೂರಿಸಿದರೆ ಸೀಟು ಉಳಿಯುತ್ತದೆ. ಎಂಟು ನೂರು ಕೋಟಿ ಜೀವಗಳ ನಡುವೆ ಒಂದು ಬಸ್ಸು ತುಂಬದಷ್ಟು ಜನ. ಅವರಲ್ಲಿ ಇಬ್ಬರನ್ನು ದೇವರು ಈ ಅಂಗೈಯಗಲದ ದ್ವೀಪದಲ್ಲಿ ತಂದು ಇಟ್ಟಿದ್ದಾನೆ.

"ಒಂದು ನೀವು," ಎಂದ ಎಲ್ರಾಯ್. "ಇನ್ನೊಬ್ಬರು ಯಾರು?"

ಇನ್ನೊಬ್ಬರು ಯಾರೆಂಬುದು ಬರೀ ಕುತೂಹಲದ ಮಾತಾಗಿರಲಿಲ್ಲ. ಅದಕ್ಕೆ ಹಿಂದಿನ ಕತೆ ಹೇಳಬೇಕು.

ಅಕ್ಕುವಿಗೆ ಮೊದಲಿನ ಮೂರು ಮಕ್ಕಳು ವರ್ಷ ತುಂಬುವುದರೊಳಗೆ ಹೋಗಿದ್ದವು. ನಾಲ್ಕನೆಯವನು ಕಮಲಾಕ್ಷ ಹುಟ್ಟಿದ್ದು ಊರಿನ ಕಡಲ ಬದಿಯ ಮಿಷನ್ ಆಸ್ಪತ್ರೆಯಲ್ಲಿ. ಹೀಗೆ ಮಕ್ಕಳು ಉಳಿಯದ ಮನೆಗಳಲ್ಲಿ ಹಿರಿಯರು ಒಂದು ಉಪಾಯ ಮಾಡುತ್ತಿದ್ದರು. ಅಕ್ಕಿ ಕೇರುವ ಗೆರಸೆಯಲ್ಲಿ ತವುಡು ಹರಡಿ, ಅದರ ಮೇಲೆ ಕೂಸನ್ನು ಮಲಗಿಸಿ ಹೊಸ್ತಿಲ ಹೊರಗೆ ಇಡುವುದು. ಬೇರೆ ಮನೆಯವರೊಬ್ಬರು ಬಂದು ಎತ್ತಿಕೊಳ್ಳುವುದು. ಅಂದಿನಿಂದ ಕೂಸು ಆ ಮನೆಯದು, ಹೆಸರು ಆ ಮನೆಯದು. ಸಾಕುವವಳು ಹೆತ್ತವಳೇ. ಮರಣ ಬಾಗಿಲಿಗೆ ಬಂದು ಅಕ್ಕುವಿನ ಮಗ ಎಲ್ಲಿ ಎಂದು ಕೇಳಿದರೆ, ಇಲ್ಲಿ ಅಂಥವರಿಲ್ಲ ಎನ್ನಬೇಕು. ಮಗು ಗಟ್ಟಿಯಾದ ಮೇಲೆ ಮತ್ತೆ ಗೆರಸೆಯಲ್ಲೇ ವಾಪಸು ಪಡೆಯುವುದು.

ಅಕ್ಕು ಗೆರಸೆಯಿಟ್ಟಾಗ ಎತ್ತಿಕೊಂಡವರು ಆಸ್ಪತ್ರೆಯ ಜರ್ಮನ್ ದಾದಿ, ಸಿಸ್ಟರ್ ಯೊಹಾನ್ನಾ ಕ್ವೆಲ್‌ಬ್ರಿಂಕ್. ಅಕ್ಕುವಿನ ಬಾಯಲ್ಲಿ ಜೋಹನ್ನಮ್ಮ. ಆ ತಾಯಿ ನಗಲಿಲ್ಲ, ಮೂಢರೆಂದು ಬಯ್ಯಲೂ ಇಲ್ಲ. ಎರಡೂ ಕೈಯಲ್ಲಿ ಎತ್ತಿ ಎದೆಗೊತ್ತಿಕೊಂಡರಂತೆ. ಆಸ್ಪತ್ರೆಯ ಜನನದ ಪುಸ್ತಕ ಬರೆಯುವ ಗುಮಾಸ್ತ ಅವರ ಹೆಸರನ್ನೇ ಕೂಸಿನ ಹೆಸರಿನ ಮುಂದೆಯೂ, ತಾಯಿಯ ಜಾಗದಲ್ಲೂ ಬರೆದ. ಅಲ್ಲಿಂದ ಅದು ಶಾಲೆಗೆ ಹೋಯಿತು, ಶಾಲೆಯಿಂದ ಪಾಸ್‌ಪೋರ್ಟಿಗೆ. ಅದೇ ವರ್ಷ ಜೋಹನ್ನಮ್ಮ ಕಾಯಿಲೆ ಬಿದ್ದು ತಮ್ಮ ದೇಶಕ್ಕೆ ಹೋದರು. ಮಗುವನ್ನು ವಾಪಸು ಪಡೆಯುವ ಶಾಸ್ತ್ರ ಹಾಗೇ ಉಳಿಯಿತು.

ಮೂರು ವರ್ಷದ ಹಿಂದೆ ಅಕ್ಕು ತೀರಿಕೊಳ್ಳುವಾಗ ಹೇಳಿದ್ದು ಒಂದೇ ಮಾತು. "ಆ ಹೆಸರು ನಾನು ಕೈಯೊಡ್ಡಿ ಪಡೆದದ್ದು ಮಗಾ. ಇಳಿಸುವುದಾದರೆ ಆ ಮನೆಯವರ ಬಾಯಲ್ಲಿ ಹೂಂ ಅನ್ನಿಸಿಕೊಂಡು ಇಳಿಸು."

ಆ ಮನೆಯವರನ್ನು ಎಲ್ಲಿ ಹುಡುಕುವುದು? ಸಿಗುವುದಿಲ್ಲ, ಅಮ್ಮ ಕ್ಷಮಿಸುತ್ತಾಳೆ ಎಂದು ಮನಸ್ಸು ಗಟ್ಟಿಮಾಡಿಯೇ ಅವನು ಅಂದು ಬಂದಿದ್ದ. ಈಗ ನೋಡಿದರೆ ಎಲ್ರಾಯ್ ಹತ್ತು ನಿಮಿಷದಲ್ಲಿ ಹುಡುಕಿ ಕೊಟ್ಟ. ಅನ್ನೆಗ್ರೆಟ್ ಕ್ವೆಲ್‌ಬ್ರಿಂಕ್, ಡಿಪ್ಲೊಮ್ಯಾಟಿಕ್ ಏರಿಯಾದ ಎತ್ತರದ ಕಟ್ಟಡಗಳ ಲಿಫ್ಟ್ ತಪಾಸಣೆ ಮಾಡುವ ಇಂಜಿನಿಯರ್. ಆ ಕಟ್ಟಡಗಳಲ್ಲಿ ಎರಡಕ್ಕೆ ಡಕ್ಟ್ ಕೂರಿಸಿದವನು ಕಮಲಾಕ್ಷನೇ.

"ಫಾರ್ಮು ಮುಚ್ಚಿಡು ಮಗಾ," ಎಂದ ಕಮಲಾಕ್ಷ. "ಮೊದಲು ಕೇಳಿ ಬರುವ."

ಎಲ್ರಾಯ್ ಮೆಸೇಜು ಕಳಿಸಿದ. ಸಂಜೆಯೊಳಗೆ ಉತ್ತರ ಬಂತು. 'ಶುಕ್ರವಾರ ನಾನೇ ಬರುತ್ತೇನೆ. ಎಲ್ಲಿಗೆ ಬರಬೇಕು ತಿಳಿಸಿ.'

ಬರುವವರ ಮುಂದೆ ಬರಿಗೈಯಲ್ಲಿ ನಿಲ್ಲುವುದು ಹೇಗೆ? ಗೆರಸೆಯಲ್ಲಿ ಹೋದವನು ಗೆರಸೆಯಲ್ಲೇ ಬರಬೇಕು. ಬಹ್ರೇನಿನಲ್ಲಿ ಬಿದಿರಿನ ಗೆರಸೆ ಎಲ್ಲಿಂದ ತರುವುದು? ಎರಡು ಸಂಜೆ ಕೂತು, ಡಕ್ಟ್ ಮಾಡಿ ಉಳಿದ ತಗಡು ಕತ್ತರಿಸಿ, ಅಂಚು ಮಡಚಿ, ಸುತ್ತಿಗೆಯಿಂದ ಮೆಲ್ಲನೆ ತಟ್ಟಿ, ಅಮ್ಮ ಅಕ್ಕಿ ಕೇರುತ್ತಿದ್ದ ಗೆರಸೆಯ ಅಳತೆಗೇ ಒಂದು ಮಾಡಿದ. ಸಲ್ಮಾಬಾದಿನಲ್ಲಿ ಆಡುಕುರಿಗಳ ಮೇವು ಮಾರುವ ಅಂಗಡಿಗೆ ಹೋಗಿ ಗೋಧಿ ತವುಡು ತಂದ. ಶುಕ್ರವಾರ ನಸುಕಿಗೆ ಮಿಂದು, ಮನಾಮದ ಕೃಷ್ಣನ ಗುಡಿಗೆ ಹೋಗಿ ಕೈಮುಗಿದು ವರ್ಕ್‌ಶಾಪಿಗೆ ಬಂದ. ರಜೆಯ ದಿನ. ಯಂತ್ರಗಳೆಲ್ಲ ಸುಮ್ಮನಿದ್ದವು. ಮಾಲೀಕ ಅಲಿ ಬೀಗದಕೈ ಕೊಟ್ಟು, "ಅತಿಥಿ ಬರ್ತಾರೆ ಅಂದ್ರೆ ಗಾವಾ ಕೊಡು" ಎಂದು ಆ ಅರಬ್ಬೀ ಕಾಫಿಯ ಫ್ಲಾಸ್ಕನ್ನೂ ಕಳಿಸಿದ್ದ.

ಎಲ್ರಾಯ್ ಬಂದವನು ಗೆರಸೆ ನೋಡಿ ನಿಂತ. "ಅಣ್ಣ, ಇದರಲ್ಲಿ ನೀವು ಕೂತ್ರೆ ಬಗ್ಗಿ ಹೋಗ್ತದೆ. ಎಂಬತ್ತು ಕಿಲೋ ಇದ್ದೀರಿ."

"ನಾನಲ್ಲವೋ ಕೂರುವುದು. ಇದು." ಕಮಲಾಕ್ಷ ತವುಡು ಹರಡಿ, ಅದರ ಮೇಲೆ ಪಾಸ್‌ಪೋರ್ಟನ್ನು ಮಲಗಿಸಿದ. ಪಕ್ಕದಲ್ಲಿ ಅಮ್ಮನ ಫೋಟೋ ಇಟ್ಟ.

ಹತ್ತು ಗಂಟೆಗೆ ಬಂದ ಹೆಂಗಸಿಗೆ ಐವತ್ತೈದರ ಪ್ರಾಯ. ಗಿಡ್ಡ ಕೂದಲು, ಬಿಸಿಲಿಗೆ ಕೆಂಪಾದ ಮುಖ, ಕಂಕುಳಲ್ಲಿ ಒಂದು ಫೈಲು. ಕಮಲಾಕ್ಷ ಕೈಮುಗಿದ. ಅವರು ಕೈ ಚಾಚಿದರು. ಆಮೇಲೆ ಇಬ್ಬರೂ ಅದಲುಬದಲು ಮಾಡಿಕೊಂಡು ನಕ್ಕರು. ಅವರ ಇಂಗ್ಲಿಷನ್ನು ಎಲ್ರಾಯ್ ಕನ್ನಡಕ್ಕೆ ತಂದ, ಕಮಲಾಕ್ಷನ ಕತೆಯನ್ನು ಇಂಗ್ಲಿಷಿಗೆ ಒಯ್ದ. ಜೋಹನ್ನಮ್ಮನ ಹೆಸರು ಬಂದಾಗ ಆಕೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದು ಕೂತರು.

ಗೆರಸೆಯಿಂದ ಪಾಸ್‌ಪೋರ್ಟು ಎತ್ತಿ, ತೆರೆದು, ಹೆಸರನ್ನು ಗಟ್ಟಿಯಾಗಿ ಓದಿ, ಮತ್ತೆ ತವುಡಿನ ಮೇಲೇ ಇಟ್ಟರು. ಊರಿನ ಮಾಸ್ತರರಿಂದ ಹಿಡಿದು ಇಲ್ಲಿನ ಪೊಲೀಸರವರೆಗೆ ಅದನ್ನು ಒಬ್ಬೊಬ್ಬರು ಒಂದೊಂದು ರೀತಿ ಮುರಿದಿದ್ದರು. ಇಡಿಯಾಗಿ ಅದು ಅವನ ಕಿವಿಗೆ ಬಿದ್ದದ್ದು ಅದೇ ಮೊದಲು. ಬಾವಿಗೆ ಕೊಡ ಇಳಿದ ಸದ್ದಿನಂತಿತ್ತು.

"ಇದಕ್ಕೆ ಅರ್ಥ ಉಂಟಾ ಕೇಳು," ಎಂದ ಕಮಲಾಕ್ಷ.

ಉಂಟಂತೆ. ಒರತೆಯ ಪಕ್ಕದ ದಿಬ್ಬ. ನಾನೂರು ವರ್ಷದ ಹಿಂದೆ ಜರ್ಮನಿಯ ಒಂದು ಹಳ್ಳಿಯಲ್ಲಿ ಒರತೆ ಇದ್ದ ಒಂದು ದಿಬ್ಬ, ದಿಬ್ಬದ ಮೇಲೆ ಒಂದೇ ಒಂದು ರೈತನ ಮನೆ. ಹೆಸರು ಆ ಮನೆಯದು. ಒಂದೇ ಮನೆಯಿಂದ ಹೊರಟದ್ದಕ್ಕೇ ಇಷ್ಟು ಕಡಿಮೆ ಜನ. ಎರಡು ಯುದ್ಧಗಳಲ್ಲಿ ಗಂಡುಮಕ್ಕಳು ಹೋಗಿ ಇನ್ನೂ ಕಡಿಮೆಯಾದರು.

ಒರತೆ ಎಂದೊಡನೆ ಕಮಲಾಕ್ಷನಿಗೆ ಮಾಲೀಕ ಅಲಿಯ ಮಾತು ನೆನಪಾಯಿತು. ಅಲಿಯ ಅಜ್ಜ ಮುತ್ತು ಹೆಕ್ಕುವ ಮುಳುಗುಗಾರ. ಈ ದ್ವೀಪದ ಸುತ್ತ ಉಪ್ಪು ಕಡಲಿನ ತಳದಲ್ಲಿ ಸಿಹಿನೀರಿನ ಒರತೆಗಳಿದ್ದವಂತೆ. ಅವರು ಮುಳುಗಿ, ತೊಗಲಿನ ಚೀಲದಲ್ಲಿ ಕುಡಿಯುವ ನೀರು ತುಂಬಿ ತರುತ್ತಿದ್ದರಂತೆ. ಅಲಿ ಹೇಳಿದಾಗ ಅದನ್ನು ಕತೆಯೆಂದು ಕೇಳಿದ್ದ. ಈಗ ಅದು ನಿಜವೆನಿಸಿತು. ಎಲ್ಲಿಯ ಒರತೆ, ಯಾವ ಮಣ್ಣಿನ ಅಡಿಯಲ್ಲಿ ಹರಿದು, ಎಲ್ಲಿ ಬಂದು ಏಳುತ್ತದೆ!

"ಅಪ್ಪ ನಮ್ಮ ಮನೆತನದ ಪುಸ್ತಕ ಬರೆದಿಟ್ಟಿದ್ದಾರೆ," ಎಂದರು ಅನ್ನೆಗ್ರೆಟ್. "ಒಬ್ಬೊಬ್ಬರನ್ನೂ ಬಲ್ಲರು. ಅವರ ಲೆಕ್ಕದಲ್ಲಿ ನಾವು ಇಪ್ಪತ್ತಾರು. ಹೆಸರು ಎಣಿಸುವ ಆ ಇಂಟರ್ನೆಟ್ ಪುಟ ಇಪ್ಪತ್ತೇಳು ಅನ್ನುತ್ತದೆ. ಮೂರು ವರ್ಷದಿಂದ ಅವರು ಆ ಪುಟದವರಿಗೆ ಜಗಳದ ಪತ್ರ ಬರೀತಿದ್ದಾರೆ, ನನ್ನ ಮಗಳನ್ನು ಎರಡು ಸಲ ಎಣಿಸಿದ್ದೀರಿ ಅಂತ."

ಎಲ್ರಾಯ್ ಗಹಗಹಿಸಿ ನಕ್ಕ. "ಕಳ್ಳ ಸಿಕ್ಕಿದ ಅಂತ ಹೇಳಿ ಮೇಡಂ!"

ಕಮಲಾಕ್ಷನಿಗೆ ನಗು ಬರಲಿಲ್ಲ. "ನಾನು ಅವರ ರಕ್ತ ಅಲ್ಲ ಅಂತ ಹೇಳು. ಲೆಕ್ಕ ತಪ್ಪಿದ್ದು ನನ್ನಿಂದ. ಹೂಂ ಅಂದರೆ ಸರಿ ಮಾಡ್ತೇನೆ."

ಅನ್ನೆಗ್ರೆಟ್ ತಲೆಯಾಡಿಸಿದರು. "ಆ ಹಳ್ಳಿಯಲ್ಲಿ ರಕ್ತ ಯಾರೂ ನೋಡುತ್ತಿರಲಿಲ್ಲ. ಮನೆಗೆ ಯಾರು ಬಂದು ಸೇರಿದರೋ ಅವರಿಗೆ ಆ ಮನೆಯ ಹೆಸರು. ಮದುವೆಯಾಗಿ ಬಂದ ಅಳಿಯ ತನ್ನ ಹೆಸರು ಬಿಟ್ಟು ಇದನ್ನೇ ಇಟ್ಟುಕೊಳ್ಳುತ್ತಿದ್ದ. ನನ್ನ ಹಿರಿಯಜ್ಜನೂ ಹಾಗೇ ಬಂದವನು. ಆದರೆ ಹೂಂ ಅನ್ನುವುದು ನಾನಲ್ಲ. ಹಿರಿಯರು ಇದ್ದಾರಲ್ಲ."

ಅನ್ನೆಗ್ರೆಟ್ ಹಿಡಿದ ಫೋನಿನ ಪರದೆಯಲ್ಲಿ ಅವರ ಅಪ್ಪ, ಬಿಳಿ ಹುಬ್ಬಿನ ಒಬ್ಬ ಮುದುಕರು ಮೂಡಿದರು. ಎಂಬತ್ತನಾಲ್ಕು ವರ್ಷ. ಮಗಳು ಜರ್ಮನಿನಲ್ಲಿ ಬಹಳ ಹೊತ್ತು ಹೇಳಿದರು. ಮುದುಕರು ಹತ್ತಿರ ಬಂದು, ಪರದೆ ತುಂಬ ಕಣ್ಣಾಗಿ ಕಮಲಾಕ್ಷನನ್ನು ನೋಡಿದರು. ಆಮೇಲೆ ಮಾತು ಜರ್ಮನಿನಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ದಾಟಿ ದಾಟಿ ಬಂತು.

"ಯೊಹಾನ್ನಾ ನನ್ನ ಸೋದರತ್ತೆ. ಕಾಯಿಲೆಯ ಹಾಸಿಗೆಯಲ್ಲಿ ದಿನಾ ಒಂದೇ ಮಾತು ಕೇಳುತ್ತಿದ್ದಳು, ಆ ಹುಡುಗ ಬದುಕಿದ್ದಾನಾ ಅಂತ. ನಾನಾಗ ಇಪ್ಪತ್ತೈದರವ. ಆಸ್ಪತ್ರೆಗೆ ಒಂದು ಕಾಗದ ಬರೆದೆ. ಉತ್ತರ ಬರಲಿಲ್ಲ. ಇನ್ನೊಂದು ಬರೆಯಬೇಕಿತ್ತು, ಬರೆಯಲಿಲ್ಲ. ಕೇಳುತ್ತಲೇ ಅವಳು ಹೋದಳು."

ವರ್ಕ್‌ಶಾಪಿನ ತಗಡಿನ ಮಾಡಿನ ಮೇಲೆ ಪಾರಿವಾಳಗಳು ಓಡಾಡುತ್ತಿದ್ದವು.

ತಗಡು ಹೊಡೆದು ದಡ್ಡುಗಟ್ಟಿದ ಎರಡು ಕೈಗಳನ್ನು ಕಮಲಾಕ್ಷ ಪರದೆಯ ಮುಂದೆ ಹಿಡಿದ. "ಬದುಕಿದ್ದೇನೆ ಅಂತ ಹೇಳು ಮಗಾ. ಮೂವರು ಉಳಿಯದ ಮನೆಯಲ್ಲಿ ನಾನು ಉಳಿದೆ. ನನಗೆ ಇಬ್ಬರು ಮಕ್ಕಳು. ಮಗಳು ಯಶ್ಮಿತಾಳಿಗೆ ಒಂದು ಕೂಸು. ಎಲ್ಲ ಹೇಳು. ಆ ತಾಯಿ ಎತ್ತಿಕೊಂಡದ್ದು ಸುಳ್ಳಾಗಲಿಲ್ಲ ಅಂತ ಹೇಳು."

ಮುದುಕರು ಕನ್ನಡಕ ತೆಗೆದು ಒರೆಸಿದರು. ಒರೆಸಿ ಮುಗಿಯಲು ಹೊತ್ತು ಹಿಡಿಯಿತು. ಆಮೇಲೆ ಎಲ್ಲಿಂದಲೋ ಒಂದು ದಪ್ಪ ಪುಸ್ತಕ ಎಳೆದು ತೆರೆದು, ಪೆನ್ನಿನ ಮುಚ್ಚಳ ಬಿಚ್ಚಿದರು.

"ಹೆಸರು ಇಳಿಸುವುದೂ ಇಟ್ಟುಕೊಳ್ಳುವುದೂ ಅವನಿಗೆ ಸೇರಿದ್ದು. ನನ್ನ ಒಪ್ಪಿಗೆ ಎರಡಕ್ಕೂ ಇದೆ. ಪುಸ್ತಕದಲ್ಲಿ ಮಾತ್ರ ಬರೆಯುತ್ತೇನೆ. ಅವನ ಹೆಸರಿನ ಅಕ್ಷರ ಹೇಳಲಿ." ಎಲ್ರಾಯ್ ಒಂದೊಂದೇ ಅಕ್ಷರ ಹೇಳಿದ. ಮುದುಕರು ಒಂದೊಂದೇ ಬರೆದರು. ಬರೆದು ತಲೆಯೆತ್ತಿದರು. "ಹೆತ್ತವಳ ಹೆಸರೇನು? ಅದಿಲ್ಲದೆ ಈ ಪುಸ್ತಕದಲ್ಲಿ ಯಾರನ್ನೂ ಬರೆಯುವುದಿಲ್ಲ."

ಎಲ್ರಾಯ್ ಕನ್ನಡಕ್ಕೆ ತಂದು ಮುಗಿಸುವುದರೊಳಗೇ ಕಮಲಾಕ್ಷನಿಗೆ ಪ್ರಶ್ನೆ ತಿಳಿದಿತ್ತು.

"ಅಕ್ಕು," ಎಂದ. ಅಷ್ಟು ದೂರಕ್ಕೆ ಕೇಳಿಸಲಿಕ್ಕಿಲ್ಲವೆಂದು ಮತ್ತೊಮ್ಮೆ ಗಟ್ಟಿಯಾಗಿ ಹೇಳಿದ. "ಅಕ್ಕು ಸಾಲ್ಯಾನ್."

ಪೆನ್ನು ಕಾಗದದ ಮೇಲೆ ಸರಿಯುವ ಸದ್ದು ಸಮುದ್ರಗಳನ್ನು ದಾಟಿ ಬಂದು ಆ ತಗಡಿನ ಕೋಣೆಯಲ್ಲಿ ಕೇಳಿಸಿತು. ಮುದುಕರು ಪುಸ್ತಕವನ್ನು ಎತ್ತಿ ತೋರಿಸಿದರು. ಸಾಲುಸಾಲು ಹೆಸರುಗಳ ನಡುವೆ ಯೊಹಾನ್ನಾ ಎಂಬಲ್ಲಿಂದ ಒಂದು ಗೆರೆ, ಪಕ್ಕದಲ್ಲಿ ಹೊಸ ಶಾಯಿಯ ಇನ್ನೊಂದು ಹೆಸರಿನಿಂದ ಒಂದು ಗೆರೆ. ಎರಡೂ ಇಳಿದು ಬಂದು ಕೂಡಿದ ಜಾಗದಲ್ಲಿ ಅವನಿದ್ದ. ಕಮಲಾಕ್ಷನಿಗೆ ಆ ಭಾಷೆ ಬಾರದು. ಆದರೂ ಮೇಲಿನ ಹೊಸ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಅವನು ಓದಬಲ್ಲವನಾಗಿದ್ದ. ಬೆರಳು ಪರದೆಗೆ ತಾಗುವಷ್ಟು ಹತ್ತಿರ ಒಯ್ದು, ತಾಗಿಸದೆ, ಹಾಗೇ ಹಿಡಿದ.

ಅನ್ನೆಗ್ರೆಟ್ ಗಾವಾ ಕುಡಿದು, ಮುಂದಿನ ಶುಕ್ರವಾರ ಊಟಕ್ಕೆ ಬನ್ನಿ ಅಣ್ಣ ಎಂದರು. ಅಣ್ಣ ಎಂಬುದನ್ನು ಎಲ್ರಾಯನಿಂದ ಕಲಿತಿದ್ದರು. ಅವರು ಹೋದ ಮೇಲೆ ಎಲ್ರಾಯ್ ಮೆಲ್ಲನೆ ಕೇಳಿದ, "ಒಪ್ಪಿಗೆ ಸಿಕ್ಕಿತಲ್ಲ ಅಣ್ಣ. ಫಾರ್ಮಿಗೆ ಎಂತ ಬರೀಲಿ?"

ಕಮಲಾಕ್ಷ ಪಾಸ್‌ಪೋರ್ಟು ಎತ್ತಿ, ಅಂಟಿದ ತವುಡನ್ನು ಊದಿ, ಅಂಗಿಯ ಜೇಬಿಗೆ ಇಳಿಸಿದ.

"ಇದ್ದ ಹಾಗೇ ಬರಿ. ಇದೂ ಅಮ್ಮನೇ ಇಡಿಸಿದ ಹೆಸರಲ್ವಾ."

ಆಮೇಲೆ ಗೆರಸೆ ಹಿಡಿದು ಅಂಗಳಕ್ಕೆ ಹೋಗಿ, ಅಮ್ಮ ಮಾಡುತ್ತಿದ್ದ ಹಾಗೇ ಎರಡು ಸಲ ಕೇರಿ, ತವುಡನ್ನು ಪಾರಿವಾಳಗಳಿಗೆ ಚೆಲ್ಲಿದ.